ಎಂಟು ಗ್ರಹಗಳ ಮೂಕಾಟ

ನಗು ತರಿಸುವ ಸಂಗತಿಗಳು ನಮ್ಮ ಮನೆಗೆ ಯಾವಾಗಲೂ ನಗಬಾರದ ದಿನಗಳನ್ನೇ ನೋಡಿಕೊಂಡು ಬರುತ್ತಿದ್ದವು. ಅರವತ್ತೆರಡನೆಯ ಇಸವಿಯಲ್ಲಂತೂ ಒಂದರ ಹಿಂದೆ ಒಂದು ಬಂದವು.

ನಾನು ಆಗ ಹೊನ್ನಾವರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ನಾನು ಕಲಿತದ್ದು ಕಾನ್ವೆಂಟಿನಲ್ಲಿ. ಅಲ್ಲಿಯ ಸಿಸ್ಟರುಗಳು ನಮಗೆ ಬೆನ್ನು ನೆಟ್ಟಗಿಟ್ಟು ಕೂರುವುದನ್ನೂ, ಕೇಳಿದಷ್ಟಕ್ಕೇ ಉತ್ತರ ಕೊಡುವುದನ್ನೂ, ಬಾಯಿ ಮುಚ್ಚಿ ನಗುವುದನ್ನೂ ಕಲಿಸಿದ್ದರು. ಮೊದಲಿನ ಎರಡನ್ನು ಇಂದಿಗೂ ಪಾಲಿಸುತ್ತೇನೆ. ಮೂರನೆಯದನ್ನು ಒಂದೇ ಒಂದು ಸಲ ಮುರಿದೆ. ಅದು ಕೊನೆಯಲ್ಲಿ ಬರುತ್ತದೆ.

ನನ್ನ ಅಣ್ಣ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದ. ಅತ್ತಿಗೆ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಭಟ್ಕಳದಿಂದ ಕುಮಟೆಯವರೆಗೆ ಜನ ಅವನನ್ನು ಬಲ್ಲದ್ದು ಪಾಠದಿಂದಲ್ಲ, ತಾಳಮದ್ದಳೆಯಿಂದ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಅರ್ಥ ಹೇಳುವವರು ಚಾಪೆಯ ಮೇಲೆ ಕುಳಿತು ಆಯಾ ಪಾತ್ರವೇ ಆಗಿ ವಾದಿಸುತ್ತಾರೆ. ಬಾಯೊಂದೇ ಬಂಡವಾಳ. ಅಣ್ಣನ ಎದುರು ವರ್ಷಗಟ್ಟಲೆ ಕುಳಿತು ವಾದಿಸಿದವರು ಕುಮಟೆಯ ಒಬ್ಬ ವಕೀಲರು. ಕೋರ್ಟಿನಲ್ಲಿ ಅವರು ಸೋತದ್ದು ಕಡಿಮೆ, ಅಣ್ಣನ ಎದುರು ಗೆದ್ದದ್ದು ಇಲ್ಲವೇ ಇಲ್ಲ. ಎದುರಾಳಿಯ ಮಾತು ಮುಗಿದ ಮೇಲೆ ಅಣ್ಣ ತುಸು ಹೊತ್ತು ಸುಮ್ಮನಿರುತ್ತಿದ್ದ. ಮೂಗಿನಿಂದ ಒಮ್ಮೆ ಉಸಿರು ಬಿಡುತ್ತಿದ್ದ. ಅನಂತರ, "ಆತು, ಹಾಗಾದರೆ ಕೇಳು" ಎನ್ನುತ್ತಿದ್ದ. ಆ "ಆತು" ಕೇಳಿದೊಡನೆ ಮಲಗಿದ್ದವರೂ ಎದ್ದು ಕೂರುತ್ತಿದ್ದರು.

ಹಿಂದಿನ ಮಳೆಗಾಲದಲ್ಲಿ ಅವನ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು. ಧ್ವನಿಯನ್ನು ಅಲ್ಲಿಯೇ ಬಿಟ್ಟು ಬಂದೆವು.

೧. ಪಾಟಿ

ಮಾತಿಗೆ ಬದಲಾಗಿ ಅಣ್ಣನಿಗೆ ಒಂದು ಪಾಟಿ ತಂದುಕೊಟ್ಟೆ, ಮಕ್ಕಳು ಬರೆಯುವಂಥದು. ಅದನ್ನು ಹಿಡಿದು ಜಗಲಿಯಲ್ಲಿ ಕುಳಿತಿರುತ್ತಿದ್ದ. ನೋಡಲು ಬಂದವರು ಒಂದು ವಿಚಿತ್ರ ಮಾಡುತ್ತಿದ್ದರು. ಇವನಿಗೆ ಬಾಯಿ ಬಾರದು ಎಂದರೆ ಕಿವಿಯೂ ಕೇಳದು ಎಂದು ಅವರೇ ತೀರ್ಮಾನಿಸಿಕೊಳ್ಳುತ್ತಿದ್ದರು. ಮೊದಲು ಕೂಗುತ್ತಿದ್ದರು. ಕೂಗಿ ದಣಿದ ಮೇಲೆ ಅವರೂ ಕೈಸನ್ನೆಗೆ ಇಳಿಯುತ್ತಿದ್ದರು. ಜಗಲಿಯಲ್ಲಿ ಇಬ್ಬರು ಗಂಡಸರು ಸದ್ದಿಲ್ಲದೆ ಕೈಯಾಡಿಸುತ್ತ ಕೂರುವುದನ್ನು ನೋಡಿ ದಾರಿಹೋಕರು ನಿಲ್ಲುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಕೂಗುತ್ತಿದ್ದವರು ಪಕ್ಕದ ಮನೆಯ ಅಂಚೆ ಮಾಸ್ತರರು. ಒಳ್ಳೆಯ ಮನುಷ್ಯ, ದಿನವೂ ತಪ್ಪದೆ ಬರುತ್ತಿದ್ದರು. ಬಂದವರೇ ಅಣ್ಣನ ಕಿವಿಗೆ ಬಾಯಿಟ್ಟು, "ಮಾಸ್ತರೇ, ಊಟ ಆತಾ?" ಎಂದು ಅರಚುವರು. ಕೂಡಲೇ ಕೈಯನ್ನು ಬಾಯಿಯ ಹತ್ತಿರ ಒಯ್ದು ತುತ್ತು ಮಾಡಿ ತೋರಿಸುವರು. ಆಮೇಲೆ ಹೊಟ್ಟೆ ತಟ್ಟಿ ತೋರಿಸುವರು.

ಅಣ್ಣ ಬಹಳ ದಿನ ತಾಳಿದ. ಒಂದು ದಿನ ಪಾಟಿ ತೆಗೆದು ದೊಡ್ಡ ಅಕ್ಷರಗಳಲ್ಲಿ ಬರೆದು ಅವರ ಮುಖದ ಮುಂದೆ ಹಿಡಿದ: "ನನಗೆ ಕಿವಿ ಕೇಳುತ್ತದೆ."

ಅಂಚೆ ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಓದಿದರು. ತಲೆದೂಗಿದರು. ಅಣ್ಣನ ಕೈಯಿಂದ ಕಡ್ಡಿ ತೆಗೆದುಕೊಂಡು ಅದರ ಕೆಳಗೆ ತಾವೂ ಬರೆದರು: "ಹೌದೋ? ಸಂತೋಷ."

೨. ಶನಿಯಾಗಲು ಯಾರೂ ಇಲ್ಲ

ಆ ವರ್ಷದ ಫೆಬ್ರವರಿಯಲ್ಲಿ ಎಂಟು ಗ್ರಹಗಳು ಮಕರ ರಾಶಿಯಲ್ಲಿ ಕೂಡುವುದಿತ್ತು. ಪ್ರಳಯವಾಗುತ್ತದೆ ಎಂದು ಸುದ್ದಿ. ಊರೂರಲ್ಲಿ ಹೋಮಗಳು. ನಮ್ಮ ಬೀದಿಯ ಸಿಂಪಿಗ ಆ ದಿನದ ಆಚೆಗೆ ಕೊಡಬೇಕಾದ ಬಟ್ಟೆಯನ್ನು ಹೊಲಿಯಲು ಒಪ್ಪುತ್ತಿರಲಿಲ್ಲ. ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಅಕ್ಕೋರೇ, ಪ್ರಳಯ ಆದ್ರೆ ಲೆಕ್ಕದ ಪರೀಕ್ಷೆ ಇರ್ತದಾ?" ಎಂದು ಕೇಳಿದಳು. "ಇರುತ್ತದೆ" ಎಂದೆ.

ಅಣ್ಣ ಪಾಟಿಯಲ್ಲಿ ಕೇಳಿದ: "ಆ ಕೂಟ ಕಣ್ಣಿಗೆ ಕಾಣುತ್ತದೆಯೇ?"

"ಕಾಣುವುದಿಲ್ಲ" ಎಂದೆ. "ಕೂಡುವ ಎಂಟರಲ್ಲಿ ಸೂರ್ಯನೂ ಒಬ್ಬ. ಉಳಿದವು ಅವನ ಸುತ್ತ ಹಗಲಿನಲ್ಲೇ ಇರುತ್ತವೆ. ನಮಗೆ ಕಾಣುವವನು ಅವನೊಬ್ಬನೇ."

ಅವನು ಬಹಳ ಹೊತ್ತು ಪಾಟಿಯನ್ನು ಒರೆಸುತ್ತ ಕುಳಿತ. ಆಮೇಲೆ ಬರೆದ: "ಮೇಲೆ ಕಾಣದ್ದನ್ನು ಕೆಳಗೆ ತೋರಿಸೋಣ. ಮಾತಿಲ್ಲದೆ."

ಅದೇ ವಾರ ಡಾಕ್ಟರರು ನನ್ನೊಬ್ಬಳನ್ನೇ ಒಳಗೆ ಕರೆದು, ರೋಗ ಮರಳಿದೆ, ಮುಂದಿನ ಮಳೆಗಾಲವನ್ನು ಅವನು ಕಾಣಲಾರ ಎಂದು ಹೇಳಿದ್ದರು. ಮನೆಗೆ ಬಂದು ಗಂಜಿ ಬಡಿಸಿದೆ. ಅಣ್ಣ ನನ್ನ ಮುಖವನ್ನು ನೋಡಿದ. ಊಟ ಮುಗಿಸಿ, ಕೈತೊಳೆದು, ಪಾಟಿ ತೆಗೆದುಕೊಂಡ. "ಗೊತ್ತಾಯಿತು" ಎಂದು ಬರೆದ. ಅದನ್ನು ಒರೆಸಿ ಮತ್ತೆ ಬರೆದ: "ಒಂದೇ ಆಸೆ. ನಾನು ಒಂದು ಮಾತೂ ಆಡದೆ ಜನ ಕೊನೆಯವರೆಗೆ ಕೂತಿರಬೇಕು. ಕನಿಕರದಿಂದ ಅಲ್ಲ."

ಹೀಗೆ ಮೂಕಾಟ ಸಿದ್ಧವಾಯಿತು. ನಡುವೆ ಸೂರ್ಯ ನಿಲ್ಲುವುದು, ಅದು ಅಣ್ಣ. ಉಳಿದ ಏಳು ಗ್ರಹಗಳು ತಮ್ಮ ತಮ್ಮ ವೇಗದಲ್ಲಿ ಸುತ್ತು ಬಂದು ಕೊನೆಗೆ ಅವನ ಬಳಿ ಕೂಡುವುದು. ಪದವಿಲ್ಲ, ಚಂಡೆಯಿಲ್ಲ, ಅರ್ಥವಿಲ್ಲ. ಹೆಜ್ಜೆಯ ಲೆಕ್ಕಕ್ಕೆ ನಾನು ಜಾಗಟೆ ಹೊಡೆಯುವುದು. ಚಂದ್ರನೂ ಸೂರ್ಯನ ಸುತ್ತಲೇ ತಿರುಗುವುದಕ್ಕೆ ನಾನು ಆಕ್ಷೇಪವೆತ್ತಿದೆ. ಅಣ್ಣ ಮನ್ನಿಸಲಿಲ್ಲ.

ಅವನ ಸಹೋದ್ಯೋಗಿಗಳೂ ಹಳೆಯ ಶಿಷ್ಯರೂ ಪಾತ್ರಕ್ಕೆ ಮುಂದೆ ಬಂದರು. ಆದರೆ ಎಲ್ಲರಿಗೂ ಗುರುವೇ ಆಗಬೇಕು. ಶನಿಯಾಗಲು ಒಬ್ಬನೂ ಒಪ್ಪಲಿಲ್ಲ. ಕಡೆಗೆ ತಾಲೂಕು ಕಚೇರಿಯ ಒಬ್ಬ ಕಾರಕೂನರ ಮನೆಗೆ ನಾನೇ ಹೋದೆ. ಹೆಂಡತಿಯ ತಾಯಿ ಮನೆಯಲ್ಲಿದ್ದಾರೆ, ಅವರು ಬೇಡವೆಂದಾರು ಎಂದು ಕಾರಕೂನರು ಅಂಜಿದರು. ಆ ಹಿರಿಯರು ಒಳಗಿನಿಂದಲೇ ಹೇಳಿದರು: "ಆಗ್ಲಿ ಬಿಡಿ ಅಕ್ಕೋರೇ. ನಮ್ಮ ಅಳಿಯಂಗೆ ತಾಲೀಮು ಬ್ಯಾಡ."

೩. ಭಟ್ಕಳ: ಮುಗಿದದ್ದು ಯಾವಾಗ

ಮೊದಲ ಪ್ರಯೋಗ ಭಟ್ಕಳದಲ್ಲಿ. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಟ್ರಂಕುಗಳೊಡನೆ ನದಿಯ ಬಳಿ ನಿಂತೆವು. ನಾವು ಯಾರೆಂದು ತಿಳಿದ ದೋಣಿಯವನು ಹುಟ್ಟನ್ನು ಕೆಳಗಿಟ್ಟ. "ಎಂಟೂ ಗ್ರಹ ಒಂದೇ ದೋಣಿಗೆ ಬ್ಯಾಡ ಅಕ್ಕೋರೇ. ನಂಗೆ ಹೆಂಡ್ತಿ ಮಕ್ಕಳು ಇದ್ದಾರೆ. ಕೇತು ಮುಂದಿನ ಸಲಕ್ಕೆ ಬರ್ಲಿ." ಕೇತುವಾಗಿದ್ದ ಡ್ರಿಲ್ ಮಾಸ್ತರರು ದಡದಲ್ಲಿ ಒಬ್ಬರೇ ಉಳಿದು ಮುಂದಿನ ದೋಣಿಗೆ ಬಂದರು.

ಭಟ್ಕಳದಲ್ಲಿ ಜವಳಿ ಅಂಗಡಿಯ ಒಬ್ಬ ಸಾಹೇಬರು ತಮ್ಮ ಗೋದಾಮಿನ ಅಂಗಳವನ್ನು ಬಿಟ್ಟುಕೊಟ್ಟಿದ್ದರು. ಅಣ್ಣನ ಮಾತನ್ನು ಹಿಂದೆ ಕೇಳಿದ್ದವರು ಅವರು. ಮನೆಮಾತು ನವಾಯತಿ, ತಾಳಮದ್ದಳೆಗೆ ಮಾತ್ರ ಮೊದಲ ಸಾಲಿನಲ್ಲಿ ಕೂರುವರು. ಇಳಿಹೊತ್ತಿಗೆ ಅಂಗಳ ತುಂಬಿತು.

ನಾನು ಜಾಗಟೆ ಹೊಡೆದೆ. ಹಳದಿ ಶಾಲು ಹೊದ್ದು ಅಣ್ಣ ನಡುವೆ ನಿಂತ. ಗ್ರಹಗಳು ಸುತ್ತತೊಡಗಿದವು. ಬಿಳಿಯ ಚಂದ್ರ ಓಡಿದ, ಕೆಂಪು ಮಂಗಳ ನಡೆದ, ಕಪ್ಪು ಶನಿ ಒಂದು ಹೆಜ್ಜೆ ಇಟ್ಟು ಎರಡು ಪೆಟ್ಟು ಕಾದ. ಜನ ಅಲುಗದೆ ನೋಡಿದರು. ಯಾರೂ ಏಳಲಿಲ್ಲ. ಕೊನೆಗೆ ಎಂಟೂ ಒಂದೆಡೆ ಕೂಡಿದವು. ನಾನು ಕೊನೆಯ ಪೆಟ್ಟು ಹೊಡೆದೆ. ಎಲ್ಲರೂ ಕೈಮುಗಿದು ಒಳಗೆ ಬಂದೆವು. ನನ್ನ ಕಣ್ಣು ತುಂಬಿತ್ತು. "ಅಣ್ಣ, ಒಬ್ಬರೂ ಏಳಲಿಲ್ಲ" ಎಂದೆ. ಅವನು ಗೋಡೆಗೆ ಒರಗಿ ಉಸಿರು ತೆಗೆದುಕೊಳ್ಳುತ್ತಿದ್ದ. ಮುಖ ಅರಳಿತ್ತು.

ವೇಷ ಕಳಚಿದೆವು. ಟ್ರಂಕು ಕಟ್ಟಿದೆವು. ಹೊರಗೆ ಬಂದರೆ ಜನ ಹಾಗೆಯೇ ಕುಳಿತಿದ್ದಾರೆ. ಮುಂದಿನ ಸಾಲಿನವನೊಬ್ಬ ಪಕ್ಕದವನಿಗೆ ಹೇಳುತ್ತಿದ್ದ: "ಮಾತಾಡೋರು ಇನ್ನೂ ಬಸ್ಸಲ್ಲಿ ಇದ್ದಾರಂತೆ. ಬರೋವರೆಗೆ ಇವ್ರನ್ನ ಸುಮ್ಮನೆ ತಿರುಗಿಸಿದ್ರು."

ಅಣ್ಣ ಅದನ್ನು ಕೇಳಿಸಿಕೊಂಡ. ಅವನ ಮುಖವನ್ನು ನಾನು ನೋಡಲಿಲ್ಲ.

ಸಾಹೇಬರು ಎದ್ದು ನಿಂತರು. "ಭಾಯಿಗಳೇ, ಆಟ ಮುಗೀತು" ಎಂದರು.

ಅಂಗಳದ ಹಿಂದಿನಿಂದ ಒಂದು ಧ್ವನಿ ಬಂತು: "ಯಾವ್ದು?"

೪. ಹೊನ್ನಾವರ: ಗೇಟಿನ ಹೊರಗೆ

ಎರಡನೆಯ ಪ್ರಯೋಗ ಗ್ರಹಕೂಟದ ದಿನವೇ, ಭಾನುವಾರ, ನಮ್ಮ ಊರಿನ ಶಾಲೆಯ ಬಯಲಿನಲ್ಲಿ. ಶಾಲಾ ಸಮಿತಿಯ ಅಧ್ಯಕ್ಷರು ಅನುಮತಿ ಕೊಟ್ಟಿದ್ದರು. ಅಂದು ಮಧ್ಯಾಹ್ನ ಪುರೋಹಿತರೊಬ್ಬರು ಅವರ ಮನಸ್ಸಿನಲ್ಲಿ ಒಂದು ಸಂದೇಹ ಬಿತ್ತಿದರು: ಮೇಲೆ ಎಂಟು ಕೂಡಿವೆ, ಕೆಳಗೂ ಎಂಟು ಕೂಡಿದರೆ ಅನಿಷ್ಟ ಇಮ್ಮಡಿಯಾಗದೆ?

ಅಧ್ಯಕ್ಷರು ಓಡೋಡಿ ಬಂದರು. "ಅಕ್ಕೋರೇ, ಆಟ ಆಗ್ಲಿ. ಆದ್ರೆ ಕಂಪೌಂಡಿನ ಒಳಗೆ ಏಳೇ ಇರ್ಬೇಕು. ಒಂದು ಹೊರಗೆ ನಿಲ್ಲಲಿ."

"ಯಾವುದು?"

"ಅದನ್ನೂ ನಾನೇ ಹೇಳ್ಬೇಕಾ?"

ಹೀಗೆ ಶನಿಯನ್ನು ಗೇಟಿನ ಹೊರಗೆ, ರಸ್ತೆಯಲ್ಲಿ ನಿಲ್ಲಿಸಿದೆವು. ಕಾರಕೂನರು ಸಜ್ಜನರು; ಜಾಗಟೆ ಕೇಳಿದಂತೆಲ್ಲ ಕಂಪೌಂಡಿನ ಗೋಡೆಯ ಹೊರಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಮುಖಕ್ಕೆ ಮಸಿ, ಮೈಗೆ ಕಪ್ಪು ಕಂಬಳಿ. ಹೊತ್ತು ಮುಳುಗುತ್ತಿತ್ತು. ಆಗಲೇ ಭಟ್ಕಳದ ಕಡೆಯ ಪ್ರಯಾಣಿಕರನ್ನು ನದಿಯ ಈಚೆಯಿಂದ ಹತ್ತಿಸಿಕೊಂಡು ಕುಮಟೆಗೆ ಹೊರಟ ಬಸ್ಸು ಬಂತು. ಬಸ್ಸಿಗೆ ದಾರಿ ಬಿಡೋಣವೆಂದು ಕಾರಕೂನರು ಕೈಯೆತ್ತಿ ಬದಿಗೆ ಸರಿದರು. ಗ್ರಹಕೂಟದ ಸಂಜೆ ಶನಿದೇವರೇ ರಸ್ತೆಯಲ್ಲಿ ನಿಂತು ಕೈಯೆತ್ತಿದ್ದನ್ನು ಚಾಲಕ ಕಂಡ. ಆ ಬಸ್ಸು ಮುಂದಿನ ಊರಾದ ಕರ್ಕಿ ಮುಟ್ಟುವವರೆಗೆ ನಿಲ್ಲಲಿಲ್ಲ. ಹೊನ್ನಾವರದಲ್ಲಿ ಇಳಿಯಬೇಕಾದವರು ಅಲ್ಲಿಂದ ನಡೆದು ಬಂದರು.

ಬಸ್ಸಿನೊಳಗಿನ ಕೂಗು ಬಯಲಿಗೂ ಕೇಳಿತ್ತು. ಪ್ರಳಯ ರಸ್ತೆಗೆ ಬಂತೆಂದು ಜನರೆಲ್ಲ ಗೇಟಿನತ್ತ ಓಡಿದರು. ಅವರ ಹಿಂದೆ ಮಂಗಳ ಓಡಿದ, ಬುಧ ಓಡಿದ, ತಲೆಗೆ ಮುಸುಕು ಕಟ್ಟಿದ್ದ ಕೇತು ಕಂಬಕ್ಕೆ ಹಾಯ್ದು ಅಲ್ಲಿಯೇ ಕುಳಿತ.

ಅಣ್ಣ ಮಾತ್ರ ನಿಂತಲ್ಲೇ ನಿಂತಿದ್ದ. ಸೂರ್ಯ ಓಡುವಂತಿಲ್ಲ. ನನ್ನನ್ನು ನೋಡಿ ತಲೆ ಅಲುಗಿಸಿದ: ನಿಲ್ಲಿಸಬೇಡ. ನಾನು ಜಾಗಟೆ ಹೊಡೆದೆ. ಖಾಲಿ ಬಯಲಿಗೆ, ಇಲ್ಲದ ಗ್ರಹಗಳಿಗೆ, ಕೊನೆಯ ಪೆಟ್ಟಿನವರೆಗೂ ಹೊಡೆದೆ.

ಮುಗಿದಾಗ ಬಯಲಿನ ನಡುವೆ ಒಬ್ಬರೇ ಒಬ್ಬರು ಅಜ್ಜಿ ಕುಳಿತಿದ್ದರು. ಅಣ್ಣ ವೇದಿಕೆಯ ಮೆಟ್ಟಿಲಿಳಿದು ಅವರವರೆಗೆ ನಡೆದುಹೋಗಿ ಬಾಗಿ ಕೈಮುಗಿದ.

ಅಜ್ಜಿ ಗೊರಕೆ ಹೊಡೆಯುತ್ತಿದ್ದರು.

೫. ಕುಮಟೆ: ತಡೆಯಲಾರದವರು

ಪ್ರಳಯವಾಗಲಿಲ್ಲ. ಸಿಂಪಿಗ ಮತ್ತೆ ಹೊಲಿಯತೊಡಗಿದ. ಮುಗಿದುಹೋದ ಗ್ರಹಕೂಟದ ಆಟ ಯಾರಿಗೂ ಬೇಡವಾಯಿತು. ಅಣ್ಣ ಗಂಜಿಯನ್ನೂ ಕಷ್ಟದಿಂದ ನುಂಗುತ್ತಿದ್ದ. ಪಾಟಿ ಜಗಲಿಯ ಗೂಟದಲ್ಲಿ ತೂಗುತ್ತಿತ್ತು. ಅವನು ಅದನ್ನು ಕೇಳುತ್ತಿರಲಿಲ್ಲ.

ಆಗ ವಕೀಲರು ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೇಳಿಕಳುಹಿಸಿದರು: "ಕುಮಟೆಗೆ ಬರಲಿ. ಜನ ಸೇರಿಸುವುದು ನನ್ನ ಕೆಲಸ." ಶಸ್ತ್ರಚಿಕಿತ್ಸೆಯಾದಂದಿನಿಂದ ಅವರು ಒಮ್ಮೆಯೂ ನಮ್ಮ ಮನೆಗೆ ಬಂದಿರಲಿಲ್ಲ. ಊರೆಲ್ಲ ಬಂದು ಹೋಗಿತ್ತು, ಅವರೊಬ್ಬರು ಬರಲಿಲ್ಲ.

ಅಣ್ಣ ಪಾಟಿ ತರಿಸಿ ಬರೆದ: "ಕನಿಕರ."

"ವಕೀಲರಿಗೆ ಅದರ ರೂಢಿಯಿಲ್ಲ" ಎಂದೆ.

ಬಹಳ ದಿನಗಳ ಮೇಲೆ ಅವನ ತುಟಿ ಓರೆಯಾಯಿತು. ಹೊರಟೆವು.

ಕುಮಟೆಯ ಪೇಟೆಯ ಹಿಂದಿನ ಬಯಲು ಕಿಕ್ಕಿರಿದಿತ್ತು. ವಕೀಲರು ಕರಿಕೋಟು ತೊಟ್ಟು ಮುಂದಿನ ಬೆಂಚಿನಲ್ಲಿ ಕುಳಿತಿದ್ದರು. ಅಣ್ಣನನ್ನು ಅವರು ಮಾತಾಡಿಸಲಿಲ್ಲ. ಅವನು ಬರುವಾಗ ಕೊಡೆಯ ಹಿಡಿಕೆಯನ್ನು ನೋಡುತ್ತಿದ್ದರು.

ಜಾಗಟೆ ಹೊಡೆದೆ. ಆಟ ಸಾಗಿತು. ಕುಮಟೆಯ ಜನ ಹುಟ್ಟಿದಂದಿನಿಂದ ಅರ್ಥ ಕೇಳಿ ಬೆಳೆದವರು. ಮಾತಿಲ್ಲದ ಆಟದ ಎದುರು ಅವರ ಪಾಡು ನೋಡುವಂತಿರಲಿಲ್ಲ. ಕೆಮ್ಮಿದರು. ಎಲೆಯಡಿಕೆಯ ಕವಳದ ಚೀಲ ಬಿಚ್ಚಿದರು. ಇವನು ಈಗ ಏನು ಹೇಳಬಹುದು ಎಂದು ಪಿಸುಗುಟ್ಟಿದರು. ಎಲ್ಲರಿಗಿಂತ ಹೆಚ್ಚು ಒದ್ದಾಡುತ್ತಿದ್ದವರು ವಕೀಲರು. ಬಾಯಿ ತೆರೆಯುವರು, ಮುಚ್ಚುವರು.

ಕೊನೆಗೆ ಶನಿ ಕುಂಟುತ್ತ ಸೂರ್ಯನ ಎದುರು ಬಂದು ನಿಂತ. ಶನಿ ಸೂರ್ಯನ ಮಗ. ತಂದೆಗೂ ಮಗನಿಗೂ ಸರಿಬಾರದೆಂದು ಎಲ್ಲರಿಗೂ ಗೊತ್ತು. ಅಂಥ ಇಬ್ಬರು ಎದುರುಬದುರು ನಿಂತು ಸುಮ್ಮನಿರುವುದೆಂದರೆ! ವಕೀಲರಿಗೆ ತಡೆಯಲಾಗಲಿಲ್ಲ. ಕುಳಿತಲ್ಲಿಂದಲೇ ಶನಿಯ ಮಾತು ಎತ್ತಿಬಿಟ್ಟರು.

"ಅಪ್ಪಾ, ನಿನ್ನ ಬೆಳಕು ಲೋಕಕ್ಕೆಲ್ಲ ಉಂಟು, ಹೆತ್ತ ಮಗನಿಗೆ ಮಾತ್ರ ಕಪ್ಪು. ದೂರದ ದಾರಿಯನ್ನು ಕೊಟ್ಟವನೂ ನೀನೇ, ತಡವಾಯಿತೆಂದು ಮುಖ ತಿರುಗಿಸಿದವನೂ ನೀನೇ. ಇದು ನ್ಯಾಯವೋ? ಉತ್ತರ ಹೇಳು."

ಪಾಪ, ಕಾರಕೂನರು ತಮ್ಮ ಬಾಯನ್ನು ಮುಟ್ಟಿ ನೋಡಿಕೊಂಡರು.

ಪ್ರಶ್ನೆ ಕೇಳಿದ ಮೇಲೆ ಉತ್ತರ ಬರಬೇಕು. ಅದು ತಾಳಮದ್ದಳೆಯ ಧರ್ಮ. ಇಡೀ ಬಯಲು ಅಣ್ಣನನ್ನು ನೋಡಿತು. ಅಣ್ಣ ಅಭ್ಯಾಸಬಲದಿಂದ ತುಸು ಹೊತ್ತು ಸುಮ್ಮನಿದ್ದ. ಎದೆ ಉಬ್ಬಿತು. ತುಟಿ ತೆರೆಯಿತು. ಏನೂ ಬರಲಿಲ್ಲ.

ನನ್ನ ಕೈಯಲ್ಲಿ ಜಾಗಟೆ ಹಾಗೆಯೇ ನಿಂತಿತು. ಜಾಗಟೆ ನಿಂತದ್ದರಿಂದ ಗ್ರಹಗಳೂ ನಿಂತವು.

ಆ ಮೌನದಲ್ಲಿ, ಮೂಗಿನಿಂದ ಒಮ್ಮೆ ಉಸಿರು ಬಿಟ್ಟ ಸದ್ದು ಕೇಳಿತು. ಆಮೇಲೆ ಅಣ್ಣನ ಧ್ವನಿ ಕೇಳಿತು.

"ಆತು, ಹಾಗಾದರೆ ಕೇಳು."

ವಕೀಲರು ಎದ್ದು ನಿಂತಿದ್ದರು; ಧ್ವನಿ ಅವರ ಬಾಯಿಂದ ಬರುತ್ತಿತ್ತು. ಇಷ್ಟು ವರ್ಷ ಎದುರು ಕುಳಿತು ಕೇಳಿದ ಧಾಟಿ. ಏರಿಳಿತ, ಎಳೆತ, ಕೊನೆಯ ಅಕ್ಷರದ ಮೇಲಿನ ಒತ್ತು, ಒಂದೂ ತಪ್ಪಿರಲಿಲ್ಲ. "ನಾನು ನಿಂತಲ್ಲೇ ನಿಂತಿದ್ದೇನೆ. ಬಾರದೆ ಇದ್ದವನು ನೀನು. ದಾರಿ ದೂರವೆಂದು ನೆವ ಹೇಳಬೇಡ. ಹತ್ತಿರ ಬಂದರೆ ಎಂತದನ್ನು ಕಾಣಬೇಕಾಗುವುದೋ ಎಂದು ಹೆದರಿದವನು ನೀನು."

ಹೆಂಗಸರ ಕಡೆ ಯಾರೋ ಬಿಕ್ಕಿದರು. ಆ ಧ್ವನಿ ಸತ್ತುಹೋಯಿತೆಂದು ಎಲ್ಲರೂ ನಂಬಿದ್ದರು.

ಅಣ್ಣ ಮೊದಲು ಕೆಂಡವಾದ. ಆಮೇಲೆ ಬೆರಳೆತ್ತಿದ. ಹುಬ್ಬಿನಿಂದ, ಬೆರಳಿನಿಂದ ವಾದವನ್ನು ತಾನೇ ನಡೆಸತೊಡಗಿದ. ವಕೀಲರು ಅದನ್ನು ನೋಡಿ ನೋಡಿ ಅವನ ಧ್ವನಿಯಲ್ಲಿ ಹೇಳುವರು. ಕೂಡಲೇ ತಮ್ಮ ಧ್ವನಿಯಲ್ಲಿ ಶನಿಯಾಗಿ ಖಂಡಿಸುವರು. ಒಬ್ಬನಿಗೆ ಬಾಯಿಲ್ಲ, ಇನ್ನೊಬ್ಬರಿಗೆ ಎರಡು ಬಾಯಿ. ಒಬ್ಬರೂ ಏಳಲಿಲ್ಲ. ಉಳಿದ ಆರು ಗ್ರಹಗಳು ಕಾಲು ಸೋತು ವೇದಿಕೆಯ ಮೇಲೆಯೇ ಕುಳಿತು ಕೇಳಿದವು.

ಕೊನೆಗೆ ವಕೀಲರು ಶನಿಯಾಗಿ ಹೇಳಿದರು: "ಹೆದರಿದ್ದು ಹೌದು. ಆದರೂ ಬಂದೆ. ತಡವಾಗಿ ಬಂದವನನ್ನು ಹತ್ತಿರ ಕರೆಯದಿದ್ದರೆ ಸೋತವನು ನೀನು." ಎಂದವರೇ ಅಣ್ಣನ ಕೈಯನ್ನು ನೋಡದೆ, ಅವನ ಧ್ವನಿಯಲ್ಲಿ ಉತ್ತರವನ್ನೂ ಕೊಟ್ಟುಬಿಟ್ಟರು: "ಆತು. ಸೋತೆ."

ಆ ಮಾತನ್ನು ಅಣ್ಣ ಜನ್ಮದಲ್ಲಿ ಆಡಿದವನಲ್ಲ. ಸೂರ್ಯ ಜಾಗ ಬಿಟ್ಟ. ನನ್ನ ಬಳಿ ಧಾವಿಸಿ ಬಂದು ಪಾಟಿ ಕಿತ್ತುಕೊಂಡು ಬರೆದು ವಕೀಲರ ಮುಖದ ಮುಂದೆ ಹಿಡಿದ.

ವಕೀಲರು ಅದನ್ನೂ ಅಣ್ಣನ ಧ್ವನಿಯಲ್ಲಿಯೇ ಬಯಲಿಗೆಲ್ಲ ಓದಿ ಹೇಳಿದರು: "ನಾನು ಸೋತಿಲ್ಲ!" ಆಮೇಲೆ ತಮ್ಮ ಧ್ವನಿಯಲ್ಲಿ ಹೇಳಿದರು: "ಈಗ ಮಾತು ತಿರುಗಿಸಿದರೆ ನಡೆಯೂದಿಲ್ಲ ಮಾರಾಯ. ಒಪ್ಪಿಕೊಂಡದ್ದಕ್ಕೆ ಇಡೀ ಕುಮಟೆ ಸಾಕ್ಷಿ ಉಂಟು."

ಬಯಲು ನಕ್ಕಿತು. ಅಣ್ಣನೂ ನಕ್ಕ, ಸದ್ದಿಲ್ಲ, ಹೆಗಲು ಮಾತ್ರ ಕುಲುಕುತ್ತಿತ್ತು. ವಕೀಲರು ವೇದಿಕೆ ಹತ್ತಿ ಅವನ ತೋಳು ಹಿಡಿದರು. ಬಸ್ಸಿನಲ್ಲಿ ಮರಳುವಾಗ ಅವನು ಪಾಟಿಯಲ್ಲಿ ಬರೆದ: "ಪ್ರಯೋಗ ಕೆಟ್ಟಿತು." ನಾನು ಓದಿ ಮುಗಿಸುವುದರೊಳಗೆ ಕೆಳಗೆ ಇನ್ನೊಂದು ಸಾಲು ಸೇರಿಸಿದ: "ಜನ ಕೂತಿದ್ದರು."

೬. ಸಂತೋಷ

ಮಳೆ ಹಿಡಿಯುವ ಮುನ್ನ ಅಣ್ಣ ಹೋದ. ಮೂರನೆಯ ದಿನ ವಕೀಲರು ಬಂದರು. ಜಗಲಿಯಲ್ಲಿ ಜನ ತುಂಬಿದ್ದರು. ಇಂಥ ಹೊತ್ತಿನಲ್ಲಿ ಇವರು ಏನಾದರೂ ಹೇಳುವರೆಂದು ಎಲ್ಲರೂ ಸರಿದು ಕುಳಿತರು. ವಕೀಲರು ಅಣ್ಣನ ಪಾಟಿಯ ಕೆಳಗೆ ಕುಳಿತರು. ಬಾಯಿ ತೆರೆದರು. ಮಾತು ಹೊರಡಲಿಲ್ಲ. ಮತ್ತೊಮ್ಮೆ ತೆರೆದರು. ಆಗಲಿಲ್ಲ. ನನ್ನ ಕಡೆ ತಿರುಗಿ ಎರಡೂ ಕೈಗಳನ್ನು ಬರಿದಾಗಿ ಎತ್ತಿ ತೋರಿಸಿದರು. ನಾನೂ ಕೈಯನ್ನೇ ಆಡಿಸಿದೆ.

ಇದನ್ನು ಅಂಚೆ ಮಾಸ್ತರರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತಮ್ಮ ಮನೆಯಿಂದ ಎಲ್ಲರಿಗೂ ಚಹಾ ತಂದಿದ್ದರು. ನೇರವಾಗಿ ವಕೀಲರ ಬಳಿ ಬಂದು, ಬಾಗಿ, ಅವರ ಕಿವಿಗೆ ಬಾಯಿಟ್ಟು ಶಕ್ತಿಯೆಲ್ಲ ಕೂಡಿಸಿ ಅರಚಿದರು: "ಚಾ ಕುಡೀತ್ರಾ?" ಕೂಡಲೇ ಕೈಯನ್ನು ಲೋಟ ಮಾಡಿ ಬಾಯಿಗೆತ್ತಿ ತೋರಿಸಿದರು. ಆಮೇಲೆ ಹೊಟ್ಟೆ ತಟ್ಟಿ ತೋರಿಸಿದರು.

ವಕೀಲರು ತುಸು ಹೊತ್ತು ಸುಮ್ಮನಿದ್ದರು. ಮೂಗಿನಿಂದ ಒಮ್ಮೆ ಉಸಿರು ಬಿಟ್ಟರು.

"ಆತು, ಹಾಗಾದರೆ ಕೇಳಿ" ಎಂದಿತು ಅಣ್ಣನ ಧ್ವನಿ. "ನನಗೆ ಕಿವಿ ಕೇಳುತ್ತದೆ."

ಅಂಚೆ ಮಾಸ್ತರರು ಕನ್ನಡಕ ಸರಿಮಾಡಿಕೊಂಡು ತಲೆದೂಗಿದರು.

"ಹೌದೋ? ಸಂತೋಷ."

ನಾನು ಬಾಯಿ ತೆರೆದು ನಕ್ಕೆ.